ಅವನನ್ನು ಇಲ್ಲಿಗೆ ಯಾಕೆ ಕಳಿಸಿದ್ದಾರೆ? ರಿಸರ್ವ್ಸ್ ಫೂಟಿಯಲ್ಲಿ ಆಟಗಾರನನ್ನು ಅಳೆಯುವ ಬಗೆ

(ಮೆಲ್ಬರ್ನ್‌ನ ಪಶ್ಚಿಮ ಬಡಾವಣೆಗಳ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಎಎಫ್‌ಎಲ್‌ನ, ಅಂದರೆ ನಾವು ಫೂಟಿ ಅನ್ನುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಅತಿ ಮೇಲಿನ ಲೀಗ್‌ನ, ದೊಡ್ಡ ಪಂದ್ಯಗಳ ಬಗ್ಗೆ ಮಾತಾಡುವುದಿಲ್ಲ. ಅದರ ಕೆಳಗಿನ ಹಂತದ ಬಗ್ಗೆ, ಕ್ಲಬ್‌ಗಳ ಎರಡನೇ ತಂಡಗಳು ಆಡುವ ರಿಸರ್ವ್ಸ್ ಪಂದ್ಯಗಳ ಬಗ್ಗೆ ಮಾತಾಡುತ್ತೇನೆ. ಅಲ್ಲಿ ಒಬ್ಬ ಆಟಗಾರ ಚೆನ್ನಾಗಿ ಆಡಿದನೋ ಇಲ್ಲವೋ ಅಂತ ಹೇಗೆ ಹೇಳುವುದು? ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಆಸ್‌ಕಿಕ್‌ಗೆ, ಅಂದರೆ ಮಕ್ಕಳಿಗೆ ಫೂಟಿ ಕಲಿಸುವ ಕಾರ್ಯಕ್ರಮಕ್ಕೆ, ಹೋಗುತ್ತಾರೆ. ಟಾರ್ನೀಟ್, ಪಾಯಿಂಟ್ ಕುಕ್, ವಿಂಡಮ್ ವೇಲ್ ಕಡೆಯಿಂದ ಬಂದವರೇ ಜಾಸ್ತಿ ಇದ್ದೀರಿ. ನಿಮ್ಮ ಹತ್ತಿರದಲ್ಲೇ ವೆರಿಬಿ ಕ್ಲಬ್ಬಿನ ಮೈದಾನ ಇದೆ. ಆ ಕ್ಲಬ್ 2024ರಲ್ಲಿ ವಿಎಫ್‌ಎಲ್ (ಎಎಫ್‌ಎಲ್‌ಗೆ ಒಂದು ಹಂತ ಕೆಳಗಿನ, ರಿಸರ್ವ್ಸ್ ತಂಡಗಳೂ ಆಡುವ ಲೀಗ್) ಗೆದ್ದಿತು. ಅದಕ್ಕೆ ಮುಂಚೆ ಗೆದ್ದದ್ದು 1993ರಲ್ಲಿ. ಇಷ್ಟು ಹತ್ತಿರ ಇಷ್ಟು ಒಳ್ಳೆಯ ಆಟ ನಡೆಯುವಾಗ ನಮ್ಮವರು ಹೋಗಿ ನೋಡಬೇಕು, ನೋಡಿದ್ದನ್ನು ಸರಿಯಾಗಿ ತೂಗಲು ಕಲಿಯಬೇಕು ಅನ್ನುವುದು ನನ್ನ ಆಸೆ.

ಹೊಸಬರಿಗಾಗಿ ಆಟದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಒಂದೊಂದು ತಂಡದಿಂದ 18 ಜನ ಮೈದಾನದಲ್ಲಿರುತ್ತಾರೆ. ಮೊಟ್ಟೆಯಾಕಾರದ ದೊಡ್ಡ ಮೈದಾನ. ಹೆಚ್ಚಿನ ಕಡೆ ಬೇಸಿಗೆಯಲ್ಲಿ ಅದೇ ಕ್ರಿಕೆಟ್ ಮೈದಾನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವಾದರೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಅದು ಹ್ಯಾಂಡ್‌ಬಾಲ್. ಕನಿಷ್ಠ 15 ಮೀಟರ್ ಹಾರಿ ಬಂದ ಕಿಕ್ಕನ್ನು ಯಾರೂ ಮುಟ್ಟುವ ಮುಂಚೆ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ತಡೆಯಿಲ್ಲದೆ ಒದೆಯುವ ಅವಕಾಶ ಸಿಗುತ್ತದೆ. ಕಿಕ್ ಮತ್ತು ಹ್ಯಾಂಡ್‌ಬಾಲ್ ಎರಡನ್ನೂ ಕೂಡಿಸಿ ಡಿಸ್ಪೋಸಲ್ ಅನ್ನುತ್ತಾರೆ. ಈ ಪದ ಮುಂದೆ ತುಂಬಾ ಸಲ ಬರುತ್ತದೆ.

ಇನ್ನೊಂದು ವಿಷಯ. ಈ ಆಟದಲ್ಲಿ ಆಫ್‌ಸೈಡ್ ಇಲ್ಲ. ಹಾಗಾಗಿ 36 ಜನ ಮೈದಾನದ ಎಲ್ಲ ಕಡೆ ಹರಡಿಕೊಂಡಿರುತ್ತಾರೆ. ಚೆಂಡು ಒಂದು ಕಡೆ ಇರುವಾಗ ನೂರು ಮೀಟರ್ ಆಚೆ ಇಬ್ಬರು ಜಾಗಕ್ಕಾಗಿ ನೂಕಾಡುತ್ತಿರುತ್ತಾರೆ. ಆಟದ ಅರ್ಧ ಅಲ್ಲೇ ನಡೆದುಹೋಗುತ್ತದೆ. ಟಿವಿಯಲ್ಲಿ ಅದು ಕಾಣುವುದಿಲ್ಲ. ಮೈದಾನಕ್ಕೆ ಹೋದರೆ ಮಾತ್ರ ಕಾಣುತ್ತದೆ.

ರಿಸರ್ವ್ಸ್ ಅನ್ನುವುದು ಹೊಸದೇನಲ್ಲ. ಮೆಲ್ಬರ್ನ್‌ನ ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳು 1919ರಿಂದ ತಮ್ಮದೇ ಪಂದ್ಯಾವಳಿ ಆಡುತ್ತಿದ್ದವು. ದೊಡ್ಡ ಪಂದ್ಯಕ್ಕೆ ಮುಂಚೆ ಅದೇ ಮೈದಾನದಲ್ಲಿ ರಿಸರ್ವ್ಸ್ ಪಂದ್ಯ ನಡೆಯುವುದು ವಾಡಿಕೆಯಾಗಿತ್ತು. ಆ ಪಂದ್ಯಾವಳಿ 1999ಕ್ಕೆ ಮುಗಿಯಿತು. 2000ದಿಂದ ಆ ಆಟಗಾರರೆಲ್ಲ ವಿಎಫ್‌ಎಲ್‌ಗೆ ಬಂದರು. 2021ರಿಂದ ಸಿಡ್ನಿ, ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಕಡೆಯ ರಿಸರ್ವ್ಸ್ ತಂಡಗಳೂ ಇದರಲ್ಲೇ ಆಡುತ್ತಿವೆ. ಅಡಿಲೇಡ್ ಮತ್ತು ಪರ್ತ್ ಕಡೆ ಅವರದೇ ಲೀಗ್‌ಗಳಿವೆ.

ಈಗ ವಿಎಫ್‌ಎಲ್‌ನಲ್ಲಿ ಎಲ್ಲ ತಂಡಗಳೂ ಒಂದೇ ಥರ ಇಲ್ಲ. ರಿಚ್ಮಂಡ್, ಕಾಲಿಂಗ್‌ವುಡ್‌ನಂಥವು ತಮ್ಮದೇ ಹೆಸರಲ್ಲಿ ರಿಸರ್ವ್ಸ್ ತಂಡ ಇಳಿಸುತ್ತವೆ. ವೆಸ್ಟರ್ನ್ ಬುಲ್‌ಡಾಗ್ಸ್‌ನ ರಿಸರ್ವ್ಸ್ ಫುಟ್‌ಸ್ಕ್ರೇ ಹೆಸರಲ್ಲಿ ಆಡುತ್ತದೆ. ಹಾಥಾರ್ನ್‌ನ ಆಟಗಾರರು ಬಾಕ್ಸ್ ಹಿಲ್‌ಗೆ, ಮೆಲ್ಬರ್ನ್ ಕ್ಲಬ್ಬಿನವರು ಕೇಸಿಗೆ ಹೋಗಿ ಆಡುತ್ತಾರೆ. ವೆರಿಬಿ, ವಿಲಿಯಮ್ಸ್‌ಟೌನ್, ಪೋರ್ಟ್ ಮೆಲ್ಬರ್ನ್, ಫ್ರಾಂಕ್‌ಸ್ಟನ್ ಥರದ ಕ್ಲಬ್‌ಗಳು ಸ್ವತಂತ್ರ. ಅವರಿಗೆ ಮೇಲೆ ಯಾವ ದೊಡ್ಡ ತಂಡವೂ ಇಲ್ಲ. ಅವರ ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಬಂದು, ವಾರಾಂತ್ಯದಲ್ಲಿ ಆಡುವವರು.

ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಎಎಫ್‌ಎಲ್ ಪಂದ್ಯದಲ್ಲಿ ಎಲ್ಲರಿಗೂ ಗುರಿ ಒಂದೇ, ಗೆಲ್ಲಬೇಕು. ರಿಸರ್ವ್ಸ್ ಪಂದ್ಯದಲ್ಲಿ ಹಾಗಲ್ಲ. ಒಂದೇ ಬಣ್ಣದ ಅಂಗಿ ಹಾಕಿಕೊಂಡ ಹತ್ತು ಜನ ಹತ್ತು ಬೇರೆ ಬೇರೆ ಕಾರಣಕ್ಕೆ ಅಲ್ಲಿರುತ್ತಾರೆ. ಹಾಗಾಗಿ ಯಾರು ಜಾಸ್ತಿ ಚೆಂಡು ಮುಟ್ಟಿದ ಅಂತ ಕೇಳುವ ಮುಂಚೆ ಇನ್ನೊಂದನ್ನು ಕೇಳಬೇಕು: ಇವನನ್ನು ಇವತ್ತು ಇಲ್ಲಿಗೆ ಯಾಕೆ ಕಳಿಸಿದ್ದಾರೆ?

ಮಂಡಿ ಶಸ್ತ್ರಚಿಕಿತ್ಸೆ ಆಗಿ ತಿಂಗಳುಗಟ್ಟಲೆ ಹೊರಗಿದ್ದು ವಾಪಸ್ ಬಂದ ಒಬ್ಬ ಹಿರಿಯ ಆಟಗಾರನನ್ನು ತೆಗೆದುಕೊಳ್ಳಿ. ಅವನಿಗೆ ಅರ್ಧ ಪಂದ್ಯ ಮಾತ್ರ ಆಡು ಅಂತ ಹೇಳಿರುತ್ತಾರೆ. ಮೂರನೇ ಕ್ವಾರ್ಟರ್‌ನಲ್ಲಿ ಅವನು ಟ್ರ್ಯಾಕ್‌ಸೂಟ್ ಹಾಕಿಕೊಂಡು ಕೂತಿರುತ್ತಾನೆ. ಅವನ ಲೆಕ್ಕದಲ್ಲಿ ಎಂಟೋ ಒಂಬತ್ತೋ ಡಿಸ್ಪೋಸಲ್ ಇರುತ್ತದೆ. ಇದು ಕಳಪೆ ಆಟವೇ? ಅಲ್ಲವೇ ಅಲ್ಲ. ಅವನಲ್ಲಿ ನೋಡಬೇಕಾದದ್ದು ಬೇರೆ. ಓಡುತ್ತಾ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುವಾಗ ಹಿಂಜರಿದನಾ? ಮೇಲೆ ಹಾರಿದ ಮೇಲೆ ಎರಡೂ ಕಾಲಲ್ಲಿ ಇಳಿದನಾ, ಅಥವಾ ಒಂದು ಕಾಲನ್ನು ಕಾಪಾಡಿಕೊಂಡನಾ? ಮೈಗೆ ಮೈ ತಾಗುವ ಜಾಗಕ್ಕೆ ತಾನೇ ನುಗ್ಗಿದನಾ? ಇಷ್ಟು ನೋಡಿದರೆ ಸಾಕು. ಅವನು ಎಷ್ಟು ಗೋಲ್ ಹೊಡೆದ ಅನ್ನುವುದು ಆ ದಿನದ ಮಟ್ಟಿಗೆ ಲೆಕ್ಕಕ್ಕಿಲ್ಲ.

ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆಯಲ್ಲಿ) ಬಂದ 18 ವರ್ಷದ ಹುಡುಗನ ಕಥೆ ಬೇರೆ. ಶಾಲೆಯಲ್ಲಿ ಅವನು ನಡು ಮೈದಾನದಲ್ಲಿ ಆಡಿ ಬೆಳೆದವನು. ಕ್ಲಬ್‌ನವರು ಅವನನ್ನು ಹಾಫ್‌ಬ್ಯಾಕ್‌ನಲ್ಲಿ, ಅಂದರೆ ಹಿಂಭಾಗದ ಮುಂದಿನ ಸಾಲಿನಲ್ಲಿ, ನಿಲ್ಲಿಸಿರುತ್ತಾರೆ. ಯಾಕೆಂದರೆ ಅಲ್ಲಿಂದ ಇಡೀ ಮೈದಾನ ಎದುರಿಗೆ ಕಾಣುತ್ತದೆ, ಆಟ ಓದುವುದನ್ನು ಕಲಿಯಬಹುದು. ಅವನು ತಪ್ಪು ಮಾಡಲಿ ಅಂತಲೇ ಅಲ್ಲಿ ಬಿಟ್ಟಿರುತ್ತಾರೆ. ಮೊದಲ ಕ್ವಾರ್ಟರ್‌ನಲ್ಲಿ ಎದುರಾಳಿ ಅವನ ಬೆನ್ನ ಹಿಂದೆ ಜಾರಿ ಎರಡು ಗೋಲ್ ಹೊಡೆದ ಅಂತಿಟ್ಟುಕೊಳ್ಳಿ. ನಾನು ನೋಡುವುದು ಮೂರನೇ ಕ್ವಾರ್ಟರ್ ಅನ್ನು. ಅದೇ ಎದುರಾಳಿ ಅದೇ ಓಟ ಓಡಿದಾಗ ಹುಡುಗ ಎಲ್ಲಿ ನಿಂತಿದ್ದ? ಎರಡು ಹೆಜ್ಜೆ ಹಿಂದೆ, ಗೋಲ್ ಕಡೆಗೆ ನಿಂತಿದ್ದರೆ ಅವನು ಕಲಿತ. ಅಂಕಿಅಂಶದ ಹಾಳೆಯಲ್ಲಿ ಆ ಎರಡು ಹೆಜ್ಜೆಗೆ ಜಾಗವೇ ಇಲ್ಲ.

ಮೇಸನ್ ಕಾಕ್ಸ್ ಹೆಸರು ನೀವು ಕೇಳಿರಬಹುದು. ಅಮೆರಿಕದ ಟೆಕ್ಸಸ್‌ನವರು, ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು, ಎತ್ತರ 211 ಸೆಂಟಿಮೀಟರ್. 2014ರಲ್ಲಿ ಕಾಲಿಂಗ್‌ವುಡ್ ಅವರನ್ನು ಸೇರಿಸಿಕೊಂಡಾಗ ಅವರಿಗೆ ಈ ಆಟವೇ ಹೊಸದು. 2015ರ ಇಡೀ ವರ್ಷ ವಿಎಫ್‌ಎಲ್‌ನಲ್ಲೇ ಕಳೆದರು. ದುಂಡಗಿಲ್ಲದ ಚೆಂಡು ಯಾವ ಕಡೆ ಪುಟಿಯುತ್ತದೆ, ಯಾವಾಗ ಹಾರಬೇಕು, ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕು, ಎಲ್ಲವನ್ನೂ ಅಲ್ಲೇ ಕಲಿಯಬೇಕಿತ್ತು. ಆ ವರ್ಷ ಅವರನ್ನು ಬರೀ ಡಿಸ್ಪೋಸಲ್ ಎಣಿಸಿ ಅಳೆದಿದ್ದರೆ ಯಾರೂ ಕಾಯುತ್ತಿರಲಿಲ್ಲ. 2016ರ ಆನ್‌ಜಾಕ್ ದಿನದಂದು ಅವರು ಮೊದಲ ಎಎಫ್‌ಎಲ್ ಪಂದ್ಯ ಆಡಿದರು, ಮೊದಲ ಕಿಕ್‌ನಲ್ಲೇ ಗೋಲ್. 2018ರ ಪ್ರಿಲಿಮಿನರಿ ಫೈನಲ್‌ನಲ್ಲಿ (ಸೆಮಿಫೈನಲ್ ಇದ್ದಂತೆ) ರಿಚ್ಮಂಡ್ ವಿರುದ್ಧ 3 ಗೋಲ್ ಹೊಡೆದು ಪಂದ್ಯವನ್ನೇ ತಿರುಗಿಸಿದರು.

ಮೂರನೆಯವನು ದೊಡ್ಡ ತಂಡದಿಂದ ಕೈಬಿಟ್ಟವನು. ಹೋದ ವಾರದವರೆಗೂ ಎಎಫ್‌ಎಲ್ ಆಡಿದ್ದಾನೆ. ಕೋಚ್ ಅವನಿಗೆ ಒಂದು ನಿರ್ದಿಷ್ಟ ಕೊರತೆ ಹೇಳಿ ಕಳಿಸಿರುತ್ತಾರೆ. ಚೆಂಡು ಕಳೆದುಕೊಂಡ ಮೇಲೆ ವಾಪಸ್ ಓಡುವುದಿಲ್ಲ ಅನ್ನುವುದು ಸಾಮಾನ್ಯವಾಗಿ ಕೇಳಿಬರುವ ದೂರು. ಇಂಥವನು ರಿಸರ್ವ್ಸ್‌ಗೆ ಬಂದು 35 ಡಿಸ್ಪೋಸಲ್ ಪಡೆಯುವುದು ಅಂಥ ದೊಡ್ಡ ಸಾಧನೆಯಲ್ಲ. ಈ ಹಂತದಲ್ಲಿ ಅವನಿಗೆ ಕೈಯಲ್ಲಿ ಸಮಯ ಜಾಸ್ತಿ ಸಿಗುತ್ತದೆ. ನೋಡಬೇಕಾದದ್ದು ಅವನ ಬೆನ್ನು. ಎದುರಾಳಿ ಚೆಂಡು ಕಿತ್ತುಕೊಂಡು ಆಚೆ ಓಡಿದಾಗ ಇವನು ತಿರುಗಿ ಜೀವ ಬಿಟ್ಟು ಓಡಿದನಾ, ಇಲ್ಲಾ ಸೊಂಟದ ಮೇಲೆ ಕೈ ಇಟ್ಟು ನಿಂತನಾ? ಸೋಮವಾರ ಕೋಚ್ ವಿಡಿಯೊದಲ್ಲಿ ಹುಡುಕುವುದು ಅದನ್ನೇ.

ಇನ್ನು ವಿಎಫ್‌ಎಲ್ ಪಟ್ಟಿಯ ಆಟಗಾರ. ನನಗೆ ಇವರ ಮೇಲೆ ವಿಶೇಷ ಪ್ರೀತಿ. ಎಎಫ್‌ಎಲ್ ಒಪ್ಪಂದ ಇಲ್ಲ. ರಿಸರ್ವ್ಸ್ ತಂಡದಲ್ಲಿ ಖಾಲಿ ಜಾಗ ತುಂಬುವುದು ಇವರೇ. ಮೇಲಿನ ತಂಡದಲ್ಲಿ ಇಬ್ಬರಿಗೆ ಗಾಯವಾದರೆ ಕೆಳಗಿನಿಂದ ಇಬ್ಬರು ಮೇಲೆ ಹೋಗುತ್ತಾರೆ. ಅವರ ಜಾಗಕ್ಕೆ ಇವರು ಬರುತ್ತಾರೆ. ಒಂದು ವಾರ ವಿಂಗ್, ಮುಂದಿನ ವಾರ ಬ್ಯಾಕ್ ಪಾಕೆಟ್, ಅದರ ಮುಂದಿನ ವಾರ ಬೆಂಚು. ಯುವಕನಿಗೆ ನಡು ಮೈದಾನದ ಅನುಭವ ಸಿಗಲಿ ಅಂತ ಇವರು ತಮ್ಮ ಜಾಗ ಬಿಟ್ಟುಕೊಡುತ್ತಾರೆ. ಅಂಥವರ 12 ಡಿಸ್ಪೋಸಲ್‌ಗೆ ಬೇರೆಯದೇ ತೂಕ ಇದೆ.

ಈ ನಾಲ್ಕು ಬಗೆಗೂ ಸೇರದವರೂ ಇದ್ದಾರೆ. ದೊಡ್ಡ ತಂಡಕ್ಕೆ ಎಮರ್ಜೆನ್ಸಿ ಆಗಿ ಹೆಸರಿರುವವನನ್ನು ಅರ್ಧದಲ್ಲೇ ತೆಗೆಯಬಹುದು. ಅಲ್ಲಿ ಯಾರಿಗಾದರೂ ಕೊನೇ ಗಳಿಗೆಯಲ್ಲಿ ಆಗಲಿಲ್ಲ ಅಂದರೆ ಇವನು ದಣಿಯದೆ ಇರಬೇಕಲ್ವಾ? ಅವನ ಅಂಕಿ ಕಡಿಮೆ ಇರುವುದಕ್ಕೆ ಆಟ ಕಾರಣವೇ ಅಲ್ಲ.

ಅಂಕಿಗಳ ವಿಷಯಕ್ಕೆ ಬರೋಣ. ನಾನು ಅಂಕಿಯ ವಿರೋಧಿಯಲ್ಲ. ಅಂಕಿ ಬೇಕು. ಆದರೆ ಯಾವ ಅಂಕಿ ಏನನ್ನು ನುಂಗಿಹಾಕುತ್ತದೆ ಅಂತ ಗೊತ್ತಿರಬೇಕು.

ಎಎಫ್‌ಎಲ್ ಫ್ಯಾಂಟಸಿ ಆಡುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಅದರ ಲೆಕ್ಕ ಹೀಗಿದೆ: ಕಿಕ್‌ಗೆ 3, ಹ್ಯಾಂಡ್‌ಬಾಲ್‌ಗೆ 2, ಮಾರ್ಕ್‌ಗೆ 3, ಟ್ಯಾಕಲ್‌ಗೆ (ಚೆಂಡು ಹಿಡಿದವನನ್ನು ಹಿಡಿದು ನಿಲ್ಲಿಸುವುದಕ್ಕೆ) 4, ಗೋಲ್‌ಗೆ 6. ಸರಿ. ಈಗ ಹಿಂಭಾಗದಲ್ಲಿ ಇಬ್ಬರು ಆಟಗಾರರು ತಮ್ಮತಮ್ಮಲ್ಲೇ ಅಡ್ಡಡ್ಡ ಒದ್ದು ಮಾರ್ಕ್ ಹಿಡಿಯುತ್ತಾರೆ. ಯಾರೂ ತಡೆಯುತ್ತಿಲ್ಲ, ಚೆಂಡು ಒಂದು ಅಡಿಯೂ ಮುಂದೆ ಹೋಗಿಲ್ಲ. ಆದರೂ ಒಂದು ಕಿಕ್, ಒಂದು ಮಾರ್ಕ್, ಒಟ್ಟು 6 ಪಾಯಿಂಟ್. ಒಂದು ಗೋಲ್‌ಗೆ ಸಮ! ಇನ್ನೊಂದು ಕಡೆ ಗೋಲ್ ಕಾಯುವ ಫುಲ್‌ಬ್ಯಾಕ್, ಗೋಲ್ ಹೊಡೆಯಲು ಬಂದ ತನಗಿಂತ ಎತ್ತರದ ಫಾರ್ವರ್ಡ್ ಜೊತೆ ಹಾರಿ, ಬೆರಳ ತುದಿಯಿಂದ ಚೆಂಡನ್ನು ಆಚೆ ಗುದ್ದುತ್ತಾನೆ. ಅದು ಸ್ಪಾಯಿಲ್. ಒಂದು ಗೋಲ್ ತಪ್ಪಿತು. ಫ್ಯಾಂಟಸಿಯಲ್ಲಿ ಅದಕ್ಕೆ ಸೊನ್ನೆ.

ಕ್ರಿಕೆಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತುದಿಯಲ್ಲಿ ರನ್ ಬಿಡದೆ ಕಟ್ಟಿಹಾಕಿದ ಬೌಲರ್‌ಗೆ ವಿಕೆಟ್ ಸಿಗುವುದಿಲ್ಲ, ತಾಳ್ಮೆ ಕೆಟ್ಟ ಬ್ಯಾಟರ್ ಇನ್ನೊಂದು ತುದಿಯಲ್ಲಿ ಔಟ್ ಆಗುತ್ತಾನೆ. ಫೂಟಿಯಲ್ಲಿ ಇಂಥವರು ಒಬ್ಬಿಬ್ಬರಲ್ಲ, ಪ್ರತಿ ತಂಡದಲ್ಲೂ ಆರೇಳು ಜನ ಇರುತ್ತಾರೆ.

ಹಾಗಾದರೆ ಫುಲ್‌ಬ್ಯಾಕ್‌ನನ್ನು ಹೇಗೆ ಅಳೆಯುವುದು? ನಾನು ಮೊದಲು ಅವನ ಎದುರಾಳಿಯ ಹೆಸರು ಬರೆದುಕೊಳ್ಳುತ್ತೇನೆ. ಆ ಎದುರಾಳಿ ಎಷ್ಟು ಗೋಲ್ ಹೊಡೆದ, ಅದರಲ್ಲಿ ಎಷ್ಟು ಇವನ ತಪ್ಪಿನಿಂದ ಬಂತು, ಎಷ್ಟು ನಡು ಮೈದಾನದವರ ತಪ್ಪಿನಿಂದ ಬಂತು. ನಡುವಿನವರು ಒತ್ತಡವಿಲ್ಲದೆ ಒದೆಯಲು ಬಿಟ್ಟರೆ ಚೆಂಡು ಫಾರ್ವರ್ಡ್‌ನ ಎದೆಗೆ ನೇರ ಬಂದು ಬೀಳುತ್ತದೆ. ಆಗ ಹಿಂದೆ ನಿಂತವನು ದೇವರೇ ಆದರೂ ಏನೂ ಮಾಡಲಾರ. ಅದೇ ಒದೆಯುವವನ ಮೇಲೆ ಯಾರಾದರೂ ಬಿದ್ದಿದ್ದರೆ ಚೆಂಡು ಎತ್ತರಕ್ಕೆ, ನಿಧಾನಕ್ಕೆ ಬರುತ್ತದೆ. ಆಗ ಹಿಂದಿನವನಿಗೂ ಹಾರಲು ಸಮಯ ಸಿಗುತ್ತದೆ. ಎರಡನೆಯ ಸಂದರ್ಭದಲ್ಲಿ ಅವನು ಸೋತರೆ ಮಾತ್ರ ಅದು ಅವನ ಲೆಕ್ಕಕ್ಕೆ.

ಮುಂಭಾಗದ ಎತ್ತರದ ಆಟಗಾರನ ವಿಷಯದಲ್ಲೂ ಹೀಗೇ. ಗೋಲ್ ಸೊನ್ನೆ ಅಂತ ಕಂಡ ಕೂಡಲೇ ಕೆಟ್ಟ ಆಟ ಅನ್ನಬೇಡಿ. ಅವನ ಮೇಲೆ ಇಬ್ಬರು ಮೂವರು ಏರಿ ಬಂದಾಗ ಚೆಂಡನ್ನು ಎದುರಾಳಿ ಹಿಡಿಯದಂತೆ ನೆಲಕ್ಕೆ ತಂದನಾ ನೋಡಿ. ನೆಲಕ್ಕೆ ಬಿದ್ದರೆ ಪುಟ್ಟ ಫಾರ್ವರ್ಡ್‌ಗಳು ಅಲ್ಲಿ ಕಾಯುತ್ತಿರುತ್ತಾರೆ. ಅವರು ಹೊಡೆದ ಗೋಲ್‌ನಲ್ಲಿ ಇವನ ಪಾಲಿದೆ. ಪುಟ್ಟ ಫಾರ್ವರ್ಡ್‌ನನ್ನು ಅಳೆಯುವಾಗ ನಾನು ಅವನ ಟ್ಯಾಕಲ್ ನೋಡುತ್ತೇನೆ, ಅದಕ್ಕಿಂತ ಹೆಚ್ಚಾಗಿ ಅವನು ಅಟ್ಟಿಸಿಕೊಂಡು ಹೋದದ್ದನ್ನು ನೋಡುತ್ತೇನೆ. ಟ್ಯಾಕಲ್ ಸಿಗದಿದ್ದರೂ ಪರವಾಗಿಲ್ಲ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿದರೆ ಹಿಂಭಾಗದವನ ಕಿಕ್ ಹಾಳಾಗುತ್ತದೆ.

ರಕ್ ಆಟಗಾರನಿಗೆ ಹಿಟ್‌ಔಟ್ ಅಂತ ಒಂದು ಅಂಕಿ ಇದೆ. ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದಾಗ ಇಬ್ಬರು ಎತ್ತರದವರು ಹಾರಿ ಅದನ್ನು ತಟ್ಟುತ್ತಾರೆ. 40 ಹಿಟ್‌ಔಟ್ ಅಂದರೆ ಕೇಳಲು ಚೆನ್ನಾಗಿದೆ. ಆ ಚೆಂಡು ಯಾರ ಕೈಗೆ ಹೋಯಿತು? ತನ್ನ ಕಡೆಯವನು ಓಡುತ್ತಿರುವ ದಾರಿಯಲ್ಲೇ ಬಿದ್ದರೆ ಹತ್ತು ಸಾಕು. ಸುಮ್ನೆ ತಟ್ಟಿದ್ದು ಎದುರಾಳಿಗೆ ಸಿಕ್ಕಿದರೆ ನಲವತ್ತೂ ವ್ಯರ್ಥ.

ನಡು ಮೈದಾನದವರಿಗೆ ಜಾಸ್ತಿ ಹೊಗಳಿಕೆ ಸಿಗುತ್ತದೆ, ಇದು ರಿಸರ್ವ್ಸ್‌ನಲ್ಲಿ ಮಾತ್ರ ಅಲ್ಲ. ಎಎಫ್‌ಎಲ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ನೋಡಿ. 1924ರಿಂದ ಕೊಡುತ್ತಿದ್ದಾರೆ. ಪ್ರತಿ ಪಂದ್ಯದ ನಂತರ ಮೈದಾನದ ಅಂಪೈರ್‌ಗಳು ಮೂವರಿಗೆ 3, 2, 1 ಅಂತ ಮತ ಹಾಕುತ್ತಾರೆ. ಹಿಂಭಾಗದ ಆಟಗಾರ ಒಬ್ಬರು ಅದನ್ನು ಗೆದ್ದದ್ದು 1993ರಲ್ಲಿ, ಎಸೆಂಡನ್‌ನ ಗ್ಯಾವಿನ್ ವಾಂಗನೀನ್. ಆಮೇಲೆ ಯಾವ ಹಿಂಭಾಗದವರಿಗೂ ಸಿಕ್ಕಿಲ್ಲ. ಇದರಲ್ಲಿ ಅಂಪೈರ್‌ಗಳ ತಪ್ಪೇನೂ ಇಲ್ಲ. ಅವರು ಚೆಂಡಿನ ಹತ್ತಿರವೇ ಓಡುತ್ತಿರಬೇಕು, ಹಾಗಾಗಿ ಚೆಂಡಿನ ಹತ್ತಿರ ಇರುವವರೇ ಅವರ ಕಣ್ಣಿಗೆ ಬೀಳುತ್ತಾರೆ. ವಿಎಫ್‌ಎಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಲಿಸ್ಟನ್ ಟ್ರೋಫಿಯೂ ಅಂಪೈರ್ ಮತದಿಂದಲೇ ತೀರ್ಮಾನವಾಗುತ್ತದೆ. ಎಎಫ್‌ಎಲ್ ಕೋಚ್‌ಗಳ ಸಂಘದ ಪ್ರಶಸ್ತಿಯಲ್ಲಿ ಎರಡೂ ತಂಡಗಳ ಕೋಚ್‌ಗಳು 5ರಿಂದ 1ರವರೆಗೆ ಮತ ಕೊಡುತ್ತಾರೆ. ಇವರಿಗೆ ಯಾರಿಗೆ ಯಾವ ಕೆಲಸ ಕೊಟ್ಟಿತ್ತು ಅಂತ ಗೊತ್ತು. ಒಬ್ಬ ಆಟಗಾರನ ಬಗ್ಗೆ ಈ ಎರಡು ಮತಗಳು ಬೇರೆ ಬೇರೆ ಬಂದಾಗ ನಾನು ಕೋಚ್‌ಗಳ ಮಾತನ್ನು ಜಾಸ್ತಿ ನಂಬುತ್ತೇನೆ.

ಗಾಳಿಯನ್ನು ಮರೆಯಬೇಡಿ. ದೊಡ್ಡ ಕ್ರೀಡಾಂಗಣಗಳಲ್ಲಿ ಸುತ್ತ ಎತ್ತರದ ಸ್ಟ್ಯಾಂಡ್‌ಗಳಿವೆ, ಗಾಳಿ ಅಷ್ಟು ತಾಗುವುದಿಲ್ಲ. ವಿಎಫ್‌ಎಲ್ ಮೈದಾನಗಳು ತೆರೆದ ಬಯಲು. ವಿಲಿಯಮ್ಸ್‌ಟೌನ್‌ನ ಮೈದಾನ ಕೊಲ್ಲಿಯ ದಂಡೆಯಲ್ಲೇ ಇದೆ. ಗಾಳಿ ಎದ್ದ ದಿನ ಒಂದು ತುದಿಗೆ ಮಾತ್ರ ಗೋಲ್ ಬರುತ್ತದೆ, ಇನ್ನೊಂದು ತುದಿಗೆ ಒದ್ದ ಚೆಂಡು ನಡುವೆಯೇ ನಿಲ್ಲುತ್ತದೆ. ಅಂಥ ದಿನ ಗಾಳಿಯ ಜೊತೆ ಹೊಡೆದ 3 ಗೋಲ್‌ಗಿಂತ ಗಾಳಿಗೆ ಎದುರಾಗಿ ಹೊಡೆದ 1 ಗೋಲ್ ದೊಡ್ಡದು. ಕ್ವಾರ್ಟರ್ ಶುರುವಾಗುವಾಗ ಬಾವುಟ ಯಾವ ಕಡೆ ಹಾರುತ್ತಿದೆ ಅಂತ ಒಂದು ಸಾಲು ಬರೆದಿಟ್ಟುಕೊಂಡರೆ ಮನೆಗೆ ಹೋದ ಮೇಲೆ ತುಂಬಾ ಸಹಾಯವಾಗುತ್ತದೆ.

ಈ ಹಂತದಲ್ಲಿ ಚೆನ್ನಾಗಿ ಆಡಿದವನು ಮೇಲಿನ ಹಂತದಲ್ಲಿ ಆಡಬಲ್ಲನಾ? ಎಲ್ಲರೂ ಕೇಳುವುದು ಇದನ್ನೇ. ನನ್ನ ಅನಿಸಿಕೆ ಹೇಳುತ್ತೇನೆ. ಮೇಲೆ ಹೋದಂತೆ ಕಡಿಮೆಯಾಗುವುದು ಸಮಯ. ಇಲ್ಲಿ ಚೆಂಡು ಹಿಡಿದು ಒಮ್ಮೆ ತಲೆ ಎತ್ತಿ ನೋಡುವಷ್ಟು ಹೊತ್ತು ಸಿಕ್ಕರೆ, ಅಲ್ಲಿ ಅದೂ ಸಿಗುವುದಿಲ್ಲ. ಹಾಗಾಗಿ ಖಾಲಿ ಜಾಗದಲ್ಲಿ ಸಿಕ್ಕ ಚೆಂಡಿಗೆ ನಾನು ಕಡಿಮೆ ಬೆಲೆ ಕೊಡುತ್ತೇನೆ. ಗುಂಪಿನೊಳಗೆ ಕೈ ಹಾಕಿ ತೆಗೆದ ಚೆಂಡಿಗೆ ಜಾಸ್ತಿ. ಮೊಣಕಾಲಿನ ಕೆಳಗೆ ಉರುಳುವ ಚೆಂಡನ್ನು ಒಂದೇ ಸಲಕ್ಕೆ ಎತ್ತುವ ಕೈ ಇದೆಯಾ? ಎತ್ತುವ ಮುಂಚೆಯೇ ಯಾರಿಗೆ ಕೊಡಬೇಕು ಅಂತ ನೋಡಿಕೊಂಡಿದ್ದಾನಾ? ಈ ಎರಡು ಗುಣ ಇದ್ದವನು ಮೇಲೆ ಹೋದರೂ ನಿಲ್ಲುತ್ತಾನೆ. ವೇಗ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ.

ಸ್ಯಾಮ್ ಮಿಚೆಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಇವರು ನಿಧಾನ ಅಂತ ಒಂದು ಅಭಿಪ್ರಾಯ ಇತ್ತು. 2001ರ ಡ್ರಾಫ್ಟ್‌ನಲ್ಲಿ 36ನೆಯವರಾಗಿ ಹಾಥಾರ್ನ್ ಸೇರಿದರು. 2002ರಲ್ಲಿ ಬಾಕ್ಸ್ ಹಿಲ್ ಪರ ಆಡುತ್ತಾ ಲಿಸ್ಟನ್ ಟ್ರೋಫಿ ಗೆದ್ದರು. ಮರುವರ್ಷವೇ ಎಎಫ್‌ಎಲ್‌ನ ರೈಸಿಂಗ್ ಸ್ಟಾರ್, ಅಂದರೆ ವರ್ಷದ ಶ್ರೇಷ್ಠ ಯುವ ಆಟಗಾರ. ಆಮೇಲೆ ನಾಲ್ಕು ಚಾಂಪಿಯನ್‌ಷಿಪ್, 2012ರ ಬ್ರೌನ್‌ಲೋ. ಎರಡೂ ಕಾಲಲ್ಲಿ ಒದೆಯುವ ಸಾಮರ್ಥ್ಯ ಮತ್ತು ಗುಂಪಿನೊಳಗೆ ಗಾಬರಿಯಾಗದ ಕೈ ಬಾಕ್ಸ್ ಹಿಲ್‌ನಲ್ಲೇ ಕಾಣುತ್ತಿತ್ತು. 2021ರಲ್ಲಿ ಅವರು ಅದೇ ಬಾಕ್ಸ್ ಹಿಲ್‌ಗೆ ಕೋಚ್ ಆಗಿ ಬಂದರು, ಅಲ್ಲಿಂದ ಹಾಥಾರ್ನ್‌ನ ಕೋಚ್ ಆದರು.

ವೆರಿಬಿಯವರಿಗೆ ಜೇಮ್ಸ್ ಪಾಡ್ಸಿಯಾಡ್ಲಿ ಗೊತ್ತಿರಲೇಬೇಕು. ಎಸೆಂಡನ್, ಕಾಲಿಂಗ್‌ವುಡ್ ಎರಡೂ ಕಡೆ ರೂಕಿ (ಹೊಸಬರ) ಪಟ್ಟಿಯಲ್ಲಿದ್ದು ಒಂದೂ ದೊಡ್ಡ ಪಂದ್ಯ ಆಡಲು ಸಿಗಲಿಲ್ಲ. 2005ರಲ್ಲಿ ವೆರಿಬಿ ಪರ ಲಿಸ್ಟನ್ ಟ್ರೋಫಿ ಗೆದ್ದರು. ಆದರೂ ಯಾರೂ ಕರೆಯಲಿಲ್ಲ. ಕೊನೆಗೆ ಜೀಲಾಂಗ್ ಕರೆದಾಗ ವಯಸ್ಸು 28. 2010ರಲ್ಲಿ ಮೊದಲ ಪಂದ್ಯ, 2011ರಲ್ಲಿ ಚಾಂಪಿಯನ್ ತಂಡದಲ್ಲಿ ಜಾಗ. ಇಷ್ಟು ವರ್ಷ ಆ ಆಟ ವಿಎಫ್‌ಎಲ್‌ನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಆಟಗಾರನ ಮೇಲೆ ಒಮ್ಮೆ ಒತ್ತಿದ ಮುದ್ರೆ ಸುಲಭಕ್ಕೆ ಅಳಿಸುವುದಿಲ್ಲ. ನೋಡುವವರು ಪ್ರತಿ ವಾರ ಹೊಸ ಕಣ್ಣಿಂದ ನೋಡಬೇಕು ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ.

ಮಾರ್ಲಿಯನ್ ಪಿಕೆಟ್ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಪರ್ತ್ ಕಡೆಯ ಸೌತ್ ಫ್ರೀಮ್ಯಾಂಟಲ್‌ನಲ್ಲಿ ಆಡುತ್ತಿದ್ದರು. 2019ರ ಮಧ್ಯದಲ್ಲಿ ನಡೆದ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಅವರನ್ನು ಆರಿಸಿತು. ವಯಸ್ಸು 27. ರಿಸರ್ವ್ಸ್‌ನಲ್ಲಿ ಆಡಿದರು. ಸೆಪ್ಟೆಂಬರ್ 22ರಂದು ವಿಲಿಯಮ್ಸ್‌ಟೌನ್ ವಿರುದ್ಧ ವಿಎಫ್‌ಎಲ್ ಗ್ರ್ಯಾಂಡ್ ಫೈನಲ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಪಂದ್ಯ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಗಾಸ್ ಪದಕ ಪಿಕೆಟ್‌ಗೆ. ಅದೇ ಹೊತ್ತಿಗೆ ಮೇಲಿನ ತಂಡದ ಜ್ಯಾಕ್ ಗ್ರಹಾಂಗೆ ಭುಜಕ್ಕೆ ಪೆಟ್ಟಾಗಿತ್ತು. ಸೆಪ್ಟೆಂಬರ್ 28ರಂದು ಎಂಸಿಜಿಯಲ್ಲಿ ಎಎಫ್‌ಎಲ್ ಗ್ರ್ಯಾಂಡ್ ಫೈನಲ್. ಆ ಪಂದ್ಯದಲ್ಲೇ ಪಿಕೆಟ್‌ಗೆ ಮೊದಲ ಅವಕಾಶ ಕೊಟ್ಟರು! 1952ರ ನಂತರ ಹಾಗೆ ಯಾರೂ ಗ್ರ್ಯಾಂಡ್ ಫೈನಲ್‌ನಲ್ಲಿ ಪಾದಾರ್ಪಣೆ ಮಾಡಿರಲಿಲ್ಲ. 22 ಡಿಸ್ಪೋಸಲ್, ಒಂದು ಗೋಲ್. ರಿಚ್ಮಂಡ್ 89 ಪಾಯಿಂಟ್‌ಗಳಿಂದ ಗೆದ್ದಿತು.

ಇದನ್ನು ಎಲ್ಲರೂ ಅದೃಷ್ಟದ ಕಥೆ ಥರ ಹೇಳುತ್ತಾರೆ. ನನಗೆ ಇದು ಅಳತೆಯ ಕಥೆ. ಒಂದು ಕ್ಲಬ್ ತನ್ನ ರಿಸರ್ವ್ಸ್ ಪಂದ್ಯಗಳನ್ನು ಎಷ್ಟು ಗಮನವಿಟ್ಟು ನೋಡಿರಬೇಕು ಯೋಚಿಸಿ. ಮೇಲಿನ ತಂಡದಲ್ಲಿ ಯಾವ ಜಾಗ ಖಾಲಿಯಾಯಿತೋ, ಆ ಜಾಗದ ಕೆಲಸವನ್ನು ಕೆಳಗೆ ಯಾರು ಸರಿಯಾಗಿ ಮಾಡುತ್ತಿದ್ದಾರೆ ಅಂತ ಅವರಿಗೆ ಖಚಿತವಾಗಿ ಗೊತ್ತಿತ್ತು. ಇಲ್ಲದಿದ್ದರೆ ಲಕ್ಷ ಜನರ ಮುಂದೆ ಒಬ್ಬ ಹೊಸಬನನ್ನು ಇಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ನಾನು ಪಂದ್ಯ ನೋಡುವಾಗ ಏನು ಮಾಡುತ್ತೇನೆ ಅಂತ ಕೆಲವರು ಮೊದಲೇ ಕೇಳಿದ್ದರು. ಎಲ್ಲರನ್ನೂ ನೋಡಲು ಹೋಗುವುದಿಲ್ಲ, ಆಗುವುದೂ ಇಲ್ಲ. ಒಂದು ಕ್ವಾರ್ಟರ್‌ಗೆ ಮೂವರನ್ನು ಆರಿಸಿಕೊಳ್ಳುತ್ತೇನೆ. ಮೊದಲ ಕ್ವಾರ್ಟರ್‌ಗೆ ಗೋಲ್ ಹಿಂದೆ ನಿಲ್ಲುತ್ತೇನೆ. ಅಲ್ಲಿಂದ ತಂಡ ಹೇಗೆ ಹರಡಿಕೊಂಡಿದೆ ಅಂತ ಕಾಣುತ್ತದೆ. ಪಕ್ಕದಿಂದ ಅದು ಗೊತ್ತಾಗುವುದಿಲ್ಲ. ಚೆಂಡು ಆಚೆ ತುದಿಯಲ್ಲಿದ್ದಾಗ ನನ್ನ ಮೂವರು ಏನು ಮಾಡುತ್ತಿದ್ದಾರೆ ಅಂತ ನೋಡುತ್ತೇನೆ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಅಂಕಿಯ ಹಾಳೆಯನ್ನು ಪಂದ್ಯ ಮುಗಿದ ಮೇಲೆ, ನನ್ನ ಟಿಪ್ಪಣಿ ಬರೆದಾದ ಮೇಲೆ ಮಾತ್ರ ತೆರೆಯುತ್ತೇನೆ. ಮೊದಲೇ ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ.

ಎಎಫ್‌ಎಲ್‌ನಲ್ಲಿ ಸಿಗದ ಒಂದು ಸೌಲಭ್ಯ ಇಲ್ಲಿದೆ. ಹಲವು ವಿಎಫ್‌ಎಲ್ ಮೈದಾನಗಳಲ್ಲಿ ಕ್ವಾರ್ಟರ್ ಮುಗಿದಾಗ ಪ್ರೇಕ್ಷಕರು ಮೈದಾನಕ್ಕೆ ಇಳಿದು, ಕೋಚ್ ಆಟಗಾರರಿಗೆ ಹೇಳುವುದನ್ನು ಹತ್ತಿರದಲ್ಲೇ ನಿಂತು ಕೇಳಬಹುದು. ದಯವಿಟ್ಟು ಹೋಗಿ ಕೇಳಿ. ಮೂರನೇ ಕ್ವಾರ್ಟರ್ ಮುಗಿದ ಮೇಲೆ ಕೋಚ್ ಯಾರಿಗೆ ಏನು ಹೇಳುತ್ತಾರೆ ಅನ್ನುವುದರಲ್ಲಿ ಇಡೀ ಪಂದ್ಯದ ಗುಟ್ಟಿರುತ್ತದೆ. "ನೀನು ಅವನ ಜೊತೆಗೇ ಇರು, ಚೆಂಡಿನ ಹಿಂದೆ ಹೋಗಬೇಡ" ಅಂದರು ಅಂತಿಟ್ಟುಕೊಳ್ಳಿ. ಆಮೇಲೆ ಆ ಆಟಗಾರ ಕೊನೆಯ ಕ್ವಾರ್ಟರ್‌ನಲ್ಲಿ ಒಂದೇ ಒಂದು ಸಲ ಚೆಂಡು ಮುಟ್ಟಿದರೂ ನಿಮಗೆ ಕಾರಣ ಗೊತ್ತಿರುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಾಯಿ ಕೇಳಿದರು: "ನಮ್ಮ ಮಗ ಗೋಲ್ ಹೊಡೆಯದ ದಿನ ಮುಖ ಊದಿಸಿಕೊಂಡು ಬರ್ತಾನೆ. ಏನು ಹೇಳಬೇಕು ಸರ್?" ಅವನಿಗೆ ಗೋಲ್ ಬಗ್ಗೆ ಕೇಳಬೇಡಿ ಅಮ್ಮ. ಇವತ್ತು ಯಾರಿಗೆ ಸಹಾಯ ಮಾಡಿದೆ, ಯಾರನ್ನು ತಡೆದೆ ಅಂತ ಕೇಳಿ. ಅದಕ್ಕಿಂತ ಮೇಲು, ನೀವೇ ನೋಡಿದ ಒಂದು ಸಂಗತಿಯನ್ನು ಹೆಸರು ಹಿಡಿದು ಹೇಳಿ. "ಎರಡನೇ ಕ್ವಾರ್ಟರ್‌ನಲ್ಲಿ ಆ ಉದ್ದದ ಹುಡುಗನ ಹಿಂದೆ ಓಡಿದೆಯಲ್ಲ, ಅವನು ಒದ್ದಿದ್ದು ಹೊರಗೆ ಹೋಯಿತು" ಅಂತ. ಚೆನ್ನಾಗಿ ಆಡಿದೆ ಪುಟ್ಟ ಅನ್ನುವ ಮಾತಿಗಿಂತ ಇದು ಮಕ್ಕಳ ಮನಸ್ಸಲ್ಲಿ ಜಾಸ್ತಿ ದಿನ ಉಳಿಯುತ್ತದೆ.

ಇನ್ನೊಬ್ಬ ಯುವಕರು ಕೇಳಿದ್ದು: ಕೆಟ್ಟದಾಗಿ ಆಡಿದವನ ಬಗ್ಗೆ ಏನು ಬರೆಯಬೇಕು? ನೋಡಿದ್ದನ್ನು ಬರೆಯಿರಿ, ಅವನ ಮೇಲೆ ತೀರ್ಪು ಬರೆಯಬೇಡಿ. "ಎಡಗಾಲಿನಲ್ಲಿ ಒದ್ದ ಮೂರೂ ಕಿಕ್ ಎದುರಾಳಿಗೆ ಹೋದವು" ಅಂತ ಬರೆಯಬಹುದು. "ಇವನಿಂದ ಆಗುವುದಿಲ್ಲ" ಅಂತ ಬರೆಯಬಾರದು. ಮೊದಲನೆಯದನ್ನು ಅವನು ಓದಿದರೆ ನಾಳೆ ಅಭ್ಯಾಸದಲ್ಲಿ ಅದರ ಮೇಲೆ ಕೆಲಸ ಮಾಡಬಹುದು. ಎರಡನೆಯದನ್ನು ಓದಿದರೆ ಏನು ಮಾಡಬೇಕು ಅಂತಲೇ ಅವನಿಗೆ ಗೊತ್ತಾಗುವುದಿಲ್ಲ. 19, 20 ವರ್ಷದ ಹುಡುಗರು ಇವರು. ಮನೆ ಬಿಟ್ಟು ಬೇರೆ ರಾಜ್ಯದಿಂದ ಬಂದವರು ಎಷ್ಟೋ ಜನ. ಒಂದೆರಡು ವರ್ಷದ ಒಪ್ಪಂದ, ಅದೂ ಮುಂದುವರಿಯುತ್ತದೋ ಇಲ್ಲವೋ ಗೊತ್ತಿಲ್ಲ. ಒಬ್ಬನ ಬಗ್ಗೆ ಕಟುವಾಗಿ ಬರೆಯಬೇಕು ಅನ್ನಿಸಿದಾಗ ನಾನು ಇನ್ನೊಂದು ಪಂದ್ಯ ಕಾಯುತ್ತೇನೆ. ಆ ಪಂದ್ಯದಲ್ಲಿ ಬರೀ ಅವನನ್ನೇ, ನಾಲ್ಕೂ ಕ್ವಾರ್ಟರ್ ನೋಡುತ್ತೇನೆ. ಆಮೇಲೂ ಹಾಗೇ ಅನ್ನಿಸಿದರೆ ಕಾರಣ ಸಮೇತ ಬರೆಯುತ್ತೇನೆ.